ಮೊದಲ ಟಿಎಲ್ಆರ್: ಯಾಶಿಕಾ ಮ್ಯಾಟ್ 124ಜಿಗೆ ಅಷ್ಟು ದುಡ್ಡು ಕೊಡಬೇಕಾ, ಯಾಶಿಕಾ ಡಿ ಸಾಕಾ?

ಚೌಕದ_ಹುಚ್ಚು

ಎಲ್ಲರಿಗೂ ನಮಸ್ಕಾರ. 35 ಎಂಎಂ ಫಿಲಂನಲ್ಲಿ ಒಂದಷ್ಟು ಕೈ ಕುದುರಿದೆ, ಈಗ ಅದಕ್ಕಿಂತ ಅಗಲದ 120 ರೋಲಿಗೆ ಹೋಗಬೇಕು ಅಂತ ಆಸೆ. ಆ ಅಳತೆಯ (ಮೀಡಿಯಂ ಫಾರ್ಮ್ಯಾಟ್) ಒಂದೇ ಲೆನ್ಸಿನ ಎಸ್ಎಲ್ಆರ್ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ಹಾಗಾಗಿ ನೋಡಲು ಒಂದು, ಫೋಟೋಗೆ ಒಂದು, ಹೀಗೆ ಎರಡು ಲೆನ್ಸಿನ ಟಿಎಲ್ಆರ್ ಅಂತ ತೀರ್ಮಾನ ಆಗಿದೆ. ಯಾವುದು ಅನ್ನುವುದರಲ್ಲೇ ಗೊಂದಲ.

ಎರಡು ಕ್ಯಾಮೆರಾ ಕಣ್ಣಿಗೆ ಬಿದ್ದಿವೆ. ಒಂದು ಯಾಶಿಕಾ ಮ್ಯಾಟ್ 124ಜಿ, ಆನ್‌ಲೈನ್‌ನಲ್ಲಿ ಇದೆ, ದೆಹಲಿಯಿಂದ ಬರಬೇಕು. ಫೋಟೋದಲ್ಲಿ ಫಳಫಳ ಹೊಳೆಯುತ್ತಿದೆ. "ಫುಲ್ ವರ್ಕಿಂಗ್" ಅಂತ ಬರೆದಿದ್ದಾರೆ, ವಾಪಸ್ ತಗೊಳ್ಳುವುದಿಲ್ಲ ಅಂತಲೂ ಬರೆದಿದ್ದಾರೆ. ಇನ್ನೊಂದು ಯಾಶಿಕಾ ಡಿ. ಸಾಗರದಲ್ಲಿ ಬಾಗಿಲು ಹಾಕಿದ ಒಂದು ಸ್ಟುಡಿಯೋದವರ ಮನೆಯಲ್ಲಿದೆ. ಮೈಮೇಲಿನ ಚರ್ಮ ಒಂದು ಮೂಲೆಯಲ್ಲಿ ಎದ್ದಿದೆ, ಬೆಳಕು ಅಳೆಯುವ ಮೀಟರ್ ಇಲ್ಲ, ಸುತ್ತುವ ಹಿಡಿಕೆ (ಕ್ರ್ಯಾಂಕ್) ಇಲ್ಲ, ಗುಂಡಿ ತಿರುಗಿಸಿ ಫಿಲಂ ಮುಂದೆ ಕಳಿಸಬೇಕು. ಬೆಲೆ 124ಜಿಯ ಮೂರನೇ ಒಂದು ಭಾಗ. ಯಾವಾಗ ಬೇಕಾದರೂ ಬಂದು ನೋಡಿ ಅಂದಿದ್ದಾರೆ.

ಓದಿದ ಕಡೆಯೆಲ್ಲ 124ಜಿ ತಗೋ ಅಂತಲೇ ಇದೆ. ಆದರೆ ಆ ವ್ಯತ್ಯಾಸದ ದುಡ್ಡಿಗೆ ಎಷ್ಟು ರೋಲ್ ಬರುತ್ತದೆ ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಬಳಸಿದವರು ಹೇಳಿ.

ಸ್ಟುಡಿಯೋ_ಮಗ

ಡಿ ತಗೊಳ್ಳಿ. ಅದು ಜಾಸ್ತಿ ಒಳ್ಳೆಯ ಮಾಡೆಲ್ ಅಂತ ಅಲ್ಲ, ಕೈಯಲ್ಲಿ ಹಿಡಿದು ನೋಡಿ ತಗೊಳ್ಳಬಹುದು ಅಂತ. 124ಜಿ ತಯಾರಾಗಿದ್ದು 1970ರಿಂದ 1986ರವರೆಗೆ. ಅಂದರೆ ತೀರಾ ಹೊಸದಕ್ಕೂ ಹತ್ತಿರ ಹತ್ತಿರ 40 ವರ್ಷ. ಡಿ ಇನ್ನೂ ಹಳೇದು. ಈ ವಯಸ್ಸಿನಲ್ಲಿ ಮಾಡೆಲ್ ಹೆಸರು ನೋಡಿ ಏನೂ ಹೇಳಲಿಕ್ಕೆ ಆಗುವುದಿಲ್ಲ, ನಿಮ್ಮ ಕೈಗೆ ಬರುವ ಆ ಒಂದು ಪೀಸ್ ಹೇಗಿದೆ, ಯಾರ ಮನೆಯಲ್ಲಿತ್ತು, ಎಷ್ಟು ವರ್ಷ ಮುಟ್ಟದೆ ಬಿದ್ದಿತ್ತು ಅನ್ನುವುದೇ ಎಲ್ಲ.

ನಮ್ಮ ತಂದೆ ಮದುವೆಗಳಿಗೆ ಯಾಶಿಕಾದಲ್ಲೇ ಫೋಟೋ ತೆಗೆಯುತ್ತಿದ್ದರು. ಆ ಚೌಕದ ಕಪ್ಪು ಬಿಳುಪು ಫೋಟೋಗಳು, ಕಪ್ಪು ಹಾಳೆಯ ಆಲ್ಬಂ, ನಡುನಡುವೆ ಬಟರ್ ಪೇಪರ್, ನಿಮ್ಮ ಮನೆಯಲ್ಲೂ ಇರುತ್ತವೆ ನೋಡಿ. ಅವುಗಳಲ್ಲಿ ಬಹಳಷ್ಟು ಇಂಥ ಕ್ಯಾಮೆರಾದವೇ.

ಹೋಗಿ ನೋಡುವಾಗ ಹೀಗೆ ಮಾಡಿ. ಮೊದಲು ಶಟರ್ ಸ್ಪೀಡ್ 1 ಸೆಕೆಂಡಿಗೆ ಇಟ್ಟು ಒತ್ತಿ, ಕಿವಿಗೊಟ್ಟು ಕೇಳಿ. ಸರ್ ಅಂತ ಒಂದೇ ಸಮ ಓಡಿ ಮುಚ್ಚಬೇಕು, ನಡುವೆ ಎಡವಬಾರದು. ಆಮೇಲೆ ಹಿಂದಿನ ಬಾಗಿಲು ತೆಗೆದು ಬಿ ನಲ್ಲಿ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದೇ ಇರುವ ಗುರುತು) ಶಟರ್ ತೆರೆದು ಹಿಡಿದು, ಮುಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಲೆನ್ಸಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಮಂಜು ಕವಿದ ಹಾಗೆ ಕಂಡರೆ ಹೇಜ್, ಅದನ್ನು ಒರೆಸಿದರೆ ಬಹುಪಾಲು ಹೋಗುತ್ತದೆ. ಫೋಕಸ್ ಗುಂಡಿ ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿ. ಬಿಗಿ ಇದ್ದರೆ ಗ್ರೀಸ್ ಒಣಗಿದೆ ಅಂತ, ಅದಕ್ಕೆ ಹೆದರಬೇಡಿ. ಮುಂದಿನ ಲೆನ್ಸ್ ಫಲಕ ಒಂದು ಕಡೆ ವಾಲಿದೆಯಾ ಅಂತ ಪಕ್ಕದಿಂದ ನೋಡಿ. ವಾಲಿದ್ದರೆ ಕೆಳಗೆ ಬಿದ್ದ ಕ್ಯಾಮೆರಾ, ಕೈಮುಗಿದು ಬಂದುಬಿಡಿ.

ಟೆಸಾರ್_ಭಕ್ತ

ಸ್ಟುಡಿಯೋ ಅಣ್ಣನ ಮಾತು ಸರಿ, ಆದರೆ ಲೆನ್ಸ್ ವಿಷಯ ಯಾರೂ ಎತ್ತಲಿಲ್ಲ. ಡಿ ಯಲ್ಲಿ ಬರುವುದು ಯಾಶಿಕೋರ್ 80 ಎಂಎಂ ಎಫ್ 3.5, ಮೂರೇ ಗಾಜು. 124ಜಿಯಲ್ಲಿ ಯಾಶಿನಾನ್, ಟೆಸಾರ್ ಅನ್ನುವ ಹಳೇ ಜರ್ಮನ್ ಲೆನ್ಸಿನ ಹಾಗೆ ನಾಲ್ಕು ಗಾಜಿನ ವಿನ್ಯಾಸ. ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ತೆಗೆದರೆ ಮೂರು ಗಾಜಿನದ್ದು ಮೂಲೆಗಳಲ್ಲಿ ಕರಗಿಹೋಗುತ್ತದೆ, ಅದು ಕಣ್ಣಿಗೆ ಕಾಣುವಷ್ಟೇ ಇರುತ್ತದೆ. ಕೊನೆಕೊನೆಯ ಡಿ ಗಳಲ್ಲಿ ಯಾಶಿನಾನ್ ಹಾಕಿದ್ದರು, ಮುಂದಿನ ಉಂಗುರದ ಮೇಲೆ ಹೆಸರು ಬರೆದಿರುತ್ತದೆ, ಓದಿ ನೋಡಿ. ಯಾಶಿನಾನ್ ಅಂತ ಇದ್ದರೆ ಮಾತಾಡದೆ ದುಡ್ಡು ಕೊಟ್ಟು ಬನ್ನಿ.

ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. 124ಜಿ ಬೇಡ, ಸುಮ್ನೆ ಯಾಶಿಕಾ ಮ್ಯಾಟ್ ಹುಡುಕಿ. 1957ರಲ್ಲಿ ಬಂದದ್ದು, ಮೀಟರ್ ಇಲ್ಲ, ಕ್ರ್ಯಾಂಕ್ ಇದೆ, ನಾಲ್ಕು ಗಾಜಿನ ಅದೇ ತರಹದ ಲೆನ್ಸ್. ಜಿ ಅಂದರೆ ಮೀಟರಿನ ವಿದ್ಯುತ್ ಕಾಂಟ್ಯಾಕ್ಟ್‌ಗಳಿಗೆ ಚಿನ್ನದ ಲೇಪ ಅಂತ ಅಷ್ಟೇ. ಆ ಒಂದು ಅಕ್ಷರಕ್ಕೆ ಜನ ಎಷ್ಟು ದುಡ್ಡು ಸುರಿಯುತ್ತಾರೆ!

ಕತ್ತಲೆಕೋಣೆ

ಭಕ್ತರೇ, ನಿಮ್ಮ ಮೂಲೆಗಳ ಚಿಂತೆ ನನಗೆ ಅರ್ಥ ಆಗುವುದಿಲ್ಲ. ಅಪರ್ಚರ್ ಎಫ್ 8ಕ್ಕೆ ಕಿರಿದು ಮಾಡಿ ತೆಗೆದ ಯಾಶಿಕೋರ್ ನೆಗೆಟಿವ್, ಯಾಶಿನಾನ್ ನೆಗೆಟಿವ್ ಎರಡನ್ನೂ 12 ಇಂಚಿಗೆ ಪ್ರಿಂಟ್ ಹಾಕಿ ಗೋಡೆಗೆ ತೂಗಿಸಿ. ಯಾವುದು ಯಾವುದು ಅಂತ ಹೇಳಿ ನೋಡೋಣ. 6x6 ನೆಗೆಟಿವ್ ಅಂದರೆ 56 ಎಂಎಂ ಉದ್ದ, 56 ಎಂಎಂ ಅಗಲ. 35 ಎಂಎಂ ಫ್ರೇಮಿನ ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. ಅಷ್ಟು ದೊಡ್ಡ ನೆಗೆಟಿವ್ ಇದ್ದಾಗ ಹಿಗ್ಗಿಸುವುದೇ ಕಡಿಮೆ, ಲೆನ್ಸಿನ ಹುಳುಕು ಅಷ್ಟಾಗಿ ಹೊರಗೆ ಬರುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಮೇಲಿನ ಲೆನ್ಸ್, ಕೆಳಗಿನ ಲೆನ್ಸ್ ಒಂದೇ ಕಡೆ ಫೋಕಸ್ ಆಗುತ್ತವಾ ಅನ್ನುವುದು. ನೋಡುವುದು ಮೇಲಿನದರಲ್ಲಿ, ಫೋಟೋ ಬೀಳುವುದು ಕೆಳಗಿನದರಿಂದ. ಯಾರೋ ಮೆಕ್ಯಾನಿಕ್ ಒಂದನ್ನು ಬಿಚ್ಚಿ ಕೂರಿಸಿದ್ದರೆ ಎರಡಕ್ಕೂ ತಾಳ ತಪ್ಪಿರುತ್ತದೆ. ಹಿಂದಿನ ಬಾಗಿಲು ತೆಗೆದು, ಫಿಲಂ ಕೂರುವ ಪಟ್ಟಿಗಳ ಮೇಲೆ ಮಂಕಾದ ಸೆಲ್ಲೋಟೇಪ್ ಬಿಗಿಯಾಗಿ ಅಂಟಿಸಿ, ಬಿ ನಲ್ಲಿ ಶಟರ್ ತೆರೆದಿಟ್ಟು ದೂರದ ಮೊಬೈಲ್ ಟವರ್ ನೋಡಿ. ಟೇಪಿನ ಮೇಲೆ ಟವರಿನ ಸರಳು ಚೂಪಾಗಿ ಕಂಡಾಗ ಮೇಲಿನ ಗಾಜಿನಲ್ಲೂ ಚೂಪಾಗಿ ಕಾಣಬೇಕು. ಈ ಪರೀಕ್ಷೆ ಪಾಸಾದ ಮೂರು ಗಾಜಿನ ಕ್ಯಾಮೆರಾ, ಫೇಲಾದ ನಾಲ್ಕು ಗಾಜಿನದ್ದಕ್ಕಿಂತ ಸಾವಿರ ಪಾಲು ಮೇಲು.

ಕರಾವಳಿ_ಬೆಳಕು

ಫಂಗಸ್ ಬಗ್ಗೆ ನಾನೂ ಒಂದು ಮಾತು ಹೇಳುತ್ತೇನೆ, ಉಡುಪಿಯಲ್ಲಿ ಇರುವವರಿಗೆ ಇದು ದಿನನಿತ್ಯದ ಜಗಳ. ಸಾಗರವೂ ಮಳೆ ಊರೇ. ಕ್ಯಾಮೆರಾದ ಜೊತೆ ಹಳೇ ಚರ್ಮದ ಕೇಸ್ ಕೊಡುತ್ತಾರೆ, ನೋಡಲಿಕ್ಕೆ ಚಂದ, ಅದರೊಳಗೆ ಕ್ಯಾಮೆರಾ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿನೊಳಗೆ ಫಂಗಸ್ ಎದ್ದಿರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ನೀಲಿ ಹರಳು ಗುಲಾಬಿ ಆದಾಗ ಬಿಸಿ ಮಾಡಿ ಮತ್ತೆ ಹಾಕಿ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ. ಆದರೆ ಲೇಪವನ್ನೇ ತಿಂದುಹಾಕಿದ್ದರೆ ಎಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ, ಬೆಳಕಿಗೆ ಎದುರಾಗಿ ತೆಗೆದ ಫೋಟೋ ಎಲ್ಲ ಬಿಳಿಚಿಕೊಳ್ಳುತ್ತದೆ.

ಹೊಸಬಿ

ಸುಮ್ನೆ ಓದುತ್ತಿದ್ದವಳು ಬಾಯಿ ಹಾಕುತ್ತಿದ್ದೇನೆ. ಇದರಲ್ಲಿ ಎಡ ಬಲ ಅದಲು ಬದಲು ಕಾಣುತ್ತದಂತೆ ಅಲ್ವಾ? ಅದರಲ್ಲಿ ಹೇಗೆ ಕೆಲಸ ಮಾಡುತ್ತೀರಿ? ಮೀಡಿಯಂ ಫಾರ್ಮ್ಯಾಟೇ ಬೇಕು ಅಂದರೂ ಈ ತಲೆಕೆಟ್ಟ ವ್ಯವಸ್ಥೆ ಯಾಕೆ?

ಸ್ಟುಡಿಯೋ_ಮಗ

ಹೌದು ತಂಗಿ, ಮೇಲಿನ ಲೆನ್ಸಿನ ಹಿಂದೆ 45 ಡಿಗ್ರಿಗೆ ಒಂದೇ ಕನ್ನಡಿ, ಅದರ ಮೇಲೆ ಮಸುಕು ಗಾಜು. ಹಾಗಾಗಿ ಎಡಕ್ಕೆ ಹೋಗುವ ಸೈಕಲ್ ಗಾಜಿನಲ್ಲಿ ಬಲಕ್ಕೆ ಹೋಗುತ್ತದೆ. ಓಡುವವರನ್ನು ಹಿಂಬಾಲಿಸಿ ತೆಗೆಯುವುದಾದರೆ ಇದು ಬೇಡವೇ ಬೇಡ. ನಿಂತವರಿಗೆ, ಕೂತವರಿಗೆ, ಮರಕ್ಕೆ, ಮನೆಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಎಸ್ಎಲ್ಆರ್‌ನಲ್ಲಿ ಕನ್ನಡಿ ಮೇಲೆದ್ದು ಬಡಿಯುತ್ತದೆ, ಇದರಲ್ಲಿ ಕನ್ನಡಿ ಅಲುಗುವುದೇ ಇಲ್ಲ. ಶಟರ್ ಲೆನ್ಸಿನೊಳಗೇ ಇದೆ, ಟಿಕ್ ಅಂತ ಒಂದು ಸಣ್ಣ ಸದ್ದು. ಪಟ್ಟಿಯನ್ನು ಕುತ್ತಿಗೆಗೆ ಬಿಗಿಯಾಗಿ ಎಳೆದು ಹಿಡಿದರೆ 1/30, ಕೈ ಗಟ್ಟಿ ಇದ್ದವರಿಗೆ 1/15 ಕೂಡ ನಡೆಯುತ್ತದೆ. ಫ್ಲ್ಯಾಶ್ ಎಲ್ಲ ಸ್ಪೀಡಿನಲ್ಲೂ ಹೊಂದುತ್ತದೆ.

ಫ್ಲ್ಯಾಶ್ ಅಂದಾಗ ನೆನಪಾಯಿತು. ಶಟರಿನ ಪಕ್ಕ ಎಂ, ಎಕ್ಸ್, ವಿ ಅಂತ ಒಂದು ಸಣ್ಣ ಲಿವರ್ ಇರುತ್ತದೆ. ಎಂ ಹಳೇ ಕಾಲದ ಫ್ಲ್ಯಾಶ್ ಬಲ್ಬಿಗೆ, ಈಗಿನ ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಎಕ್ಸ್. ಎಂ ನಲ್ಲಿ ಇಟ್ಟರೆ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಹೊಡೆದು ಮುಗಿದಿರುತ್ತದೆ, ಫ್ರೇಮ್ ಖಾಲಿ. ವಿ ಅಂದರೆ ಸೆಲ್ಫ್ ಟೈಮರ್, ಅದನ್ನು ಈ ವಯಸ್ಸಿನ ಕ್ಯಾಮೆರಾದಲ್ಲಿ ಮುಟ್ಟಲೇಬೇಡಿ. ಮಧ್ಯದಲ್ಲಿ ಸಿಕ್ಕಿಕೊಂಡರೆ ಶಟರ್ ಪೂರ್ತಿ ನಿಂತುಹೋಗುತ್ತದೆ.

ಕತ್ತಲೆಕೋಣೆ

ಇನ್ನೊಂದು ಲಾಭ ಇದೆ, ಅದು ಮನುಷ್ಯರ ವಿಷಯ. ಕ್ಯಾಮೆರಾ ಹೊಟ್ಟೆಯ ಮಟ್ಟದಲ್ಲಿ, ತಲೆ ತಗ್ಗಿಸಿದ ನೀವು. ಎದುರಿನವರ ಮುಖಕ್ಕೆ ಏನೂ ಗುರಿ ಇಟ್ಟ ಹಾಗೆ ಇರುವುದಿಲ್ಲ. ಶಿಕಾಗೋದ ವಿವಿಯನ್ ಮೇಯರ್ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿಕೊಂಡೇ ರೋಲಿಫ್ಲೆಕ್ಸ್ ಅನ್ನುವ ಜರ್ಮನ್ ಟಿಎಲ್ಆರ್ ಹಿಡಿದು ಬೀದಿ ಸುತ್ತಿದವರು, ಆ ಫೋಟೋಗಳಲ್ಲಿ ಜನ ಸ್ವಲ್ಪ ಎತ್ತರದಲ್ಲಿ ನಿಂತು ಕೆಳಗೆ ನೋಡುವ ಹಾಗೆ ಕಾಣುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಹೋಮಾಯಿ ವ್ಯಾರವಾಲಾ ಇದ್ದರು, ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, ರೋಲಿಫ್ಲೆಕ್ಸ್ ಕೂಡ ಬಳಸುತ್ತಿದ್ದರು. ಹಾಗಾಗಿ ತಲೆಕೆಟ್ಟ ವ್ಯವಸ್ಥೆ ಅಂತ ಮಾತ್ರ ಹೇಳಬೇಡಿ ಮಾರಾಯ್ರೆ.

ಬೆಲ್ಲೋಸ್_ಬಾಬಾ

ಯಾರೂ ಮಾಮಿಯಾ ಹೆಸರೇ ಎತ್ತುತ್ತಿಲ್ಲವಲ್ಲ! ಸಿ220 ಅಥವಾ ಸಿ330 ನೋಡಿ ಗುರು. ಟಿಎಲ್ಆರ್‌ಗಳಲ್ಲಿ ಲೆನ್ಸ್ ಬದಲಿಸುವ ಸೌಕರ್ಯ ಅಂದರೆ ಇದೇ. 55 ಎಂಎಂನಿಂದ 250 ಎಂಎಂವರೆಗೆ, ಜೋಡಿ ಜೋಡಿಯಾಗಿ ಬಿಚ್ಚಿ ಹಾಕಬಹುದು. ಫೋಕಸ್ ಬೆಲ್ಲೋಸ್‌ನಲ್ಲಿ (ಹಾರ್ಮೋನಿಯಂ ತಿದಿಯಂತೆ ಹಿಗ್ಗುವ ಭಾಗ), ಹೂವಿನ ಹತ್ತಿರ ಹೋಗಿ ತೆಗೆಯಬಹುದು. ಯಾಶಿಕಾದಲ್ಲಿ ಸುಮಾರು ಒಂದು ಮೀಟರಿಗಿಂತ ಹತ್ತಿರ ಬೇಕು ಅಂದರೆ ಕ್ಲೋಸಪ್ ಗಾಜು ಹುಡುಕಬೇಕು.

ಟೆಸಾರ್_ಭಕ್ತ

ಬಾಬಾ, ಅದನ್ನು ಹೊತ್ತುಕೊಂಡು ಕೊಡಚಾದ್ರಿ ಹತ್ತಿದ್ದೀರಾ? ಕುತ್ತಿಗೆಗೆ ಇಟ್ಟಿಗೆ ಕಟ್ಟಿಕೊಂಡ ಹಾಗೆ. ಹತ್ತಿರ ಹೋದಷ್ಟೂ ಪ್ಯಾರಲಾಕ್ಸ್ ಬೇರೆ. ಮೇಲಿನ ಲೆನ್ಸ್ ನೋಡುವುದೇ ಒಂದು, ಕೆಳಗಿನದು ತೆಗೆಯುವುದೇ ಇನ್ನೊಂದು. ಅದನ್ನು ಸರಿ ಮಾಡಲಿಕ್ಕೆ ಮಾಮಿಯಾದವರೇ ಪ್ಯಾರಾಮೆಂಡರ್ ಅಂತ ಟ್ರೈಪಾಡ್ ಮೇಲೆ ಕೂರಿಸುವ ಜ್ಯಾಕ್ ಮಾಡಿದ್ದರು, ಫೋಕಸ್ ಮಾಡಿ ಆದಮೇಲೆ ಎರಡು ಲೆನ್ಸಿನ ಅಂತರದಷ್ಟು ಇಡೀ ಕ್ಯಾಮೆರಾವನ್ನೇ ಮೇಲೆತ್ತುವುದು. ಮೊದಲ ಕ್ಯಾಮೆರಾಕ್ಕೆ ಇಷ್ಟೆಲ್ಲ ಬೇಕಾ?

ಬೆಲ್ಲೋಸ್_ಬಾಬಾ

ಹತ್ತಿದ್ದೇನೆ. ಇಳಿದೂ ಬಂದಿದ್ದೇನೆ. ಸ್ಟುಡಿಯೋದಲ್ಲಿ ಮುಖ ತೆಗೆಯುವವರು ಒಮ್ಮೆ 180 ಎಂಎಂ ಹಾಕಿ ನೋಡಲಿ, ಆಮೇಲೆ ಮಾತಾಡೋಣ. ಆದರೂ ಸಾಗರದ ಡಿ ಗೆ ನನ್ನದೂ ಓಟು, ಕೈಗೆ ಸಿಕ್ಕಿದ್ದನ್ನು ಬಿಡಬಾರದು.

ಬ್ರೌನ್‌ಶ್ವೈಗ್_ಕನ್ನಡಿಗ

ನಾನಿರುವ ಊರಿನಲ್ಲೇ ರೋಲಿಫ್ಲೆಕ್ಸ್ ಹುಟ್ಟಿದ್ದು, ಹಾಗಾಗಿ ಸುಮ್ಮನಿರಲಿಕ್ಕೆ ಆಗುತ್ತಿಲ್ಲ. ಫ್ರಾಂಕೆ, ಹೈಡೆಕೆ ಸೇರಿ 1929ರಲ್ಲಿ ತಂದ ರೋಲಿಫ್ಲೆಕ್ಸೇ ಇಡೀ ವಂಶಕ್ಕೆ ಮೂಲ, ಯಾಶಿಕಾ, ಆಟೋಕಾರ್ಡ್, ಚೀನಾದ ಸೀಗಲ್ ಎಲ್ಲವೂ ಅದನ್ನು ನೋಡಿಯೇ ಕಲಿತದ್ದು. ನನ್ನ ಹತ್ತಿರ ಇರುವುದು ರೋಲಿಕಾರ್ಡ್, 1933ರಲ್ಲಿ ಶುರುವಾದ ಅದರ ಅಗ್ಗದ ತಮ್ಮ. ಇಲ್ಲಿಂದ ತರಿಸುವ ಯೋಚನೆ ಯಾರಿಗಾದರೂ ಇದ್ದರೆ ಅಂಚೆ, ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಡಿ ತುಂಬಾ ಚಂದ ಕಾಣುತ್ತದೆ.

ಹಳೇ ಕಾಂಪುರ್ ರ‍್ಯಾಪಿಡ್ ಶಟರ್ ಇರುವ ಜರ್ಮನ್ ಕ್ಯಾಮೆರಾ ಸಿಕ್ಕವರಿಗೆ ಒಂದು ಮಾತು. 1/500 ಬೇಕಿದ್ದರೆ ಶಟರ್ ಕಾಕ್ ಮಾಡುವ (ಸ್ಪ್ರಿಂಗ್ ಬಿಗಿ ಮಾಡುವ) ಮೊದಲೇ ಆ ಸ್ಪೀಡಿಗೆ ತಿರುಗಿಸಿ. ಆ ಒಂದು ಸ್ಪೀಡಿಗೆ ಬೇರೆ ಸ್ಪ್ರಿಂಗ್ ಇದೆ, ಕಾಕ್ ಆದಮೇಲೆ ಬಲವಂತ ಮಾಡಿದರೆ ಕೈಕೊಡುತ್ತದೆ.

ಕರಾವಳಿ_ಬೆಳಕು

ಆಟೋಕಾರ್ಡ್ ಹೆಸರು ಬಂತಲ್ಲ. ಮಿನೋಲ್ಟಾ ಆಟೋಕಾರ್ಡಿನ 75 ಎಂಎಂ ರೊಕ್ಕೋರ್ ನನ್ನ ಪ್ರಕಾರ ಯಾಶಿನಾನ್‌ಗಿಂತ ಒಂದು ಕೈ ಮೇಲೆ. ಆದರೆ ಲೆನ್ಸಿನ ಕೆಳಗೆ ಫೋಕಸ್ ಲಿವರ್ ಇದೆ ನೋಡಿ, ಅದು ಮುರಿಯುವ ಜಾತಿ. ಗ್ರೀಸ್ ಗಟ್ಟಿಯಾಗಿದ್ದಾಗ ಒತ್ತಿ ತಳ್ಳಿದರೆ ಪಟ್ ಅಂತ ಹೋಗುತ್ತದೆ. ಬಿಗಿ ಇದ್ದರೆ ಮುಟ್ಟದೆ ಇಟ್ಟು ಬನ್ನಿ.

ಚೌಕದ_ಹುಚ್ಚು

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಂಶಯ. ಡಿ ತಗೊಂಡರೆ ಮೀಟರ್ ಇಲ್ಲ. 124ಜಿಯಲ್ಲಿ ಇದೆ. ಅದೊಂದು ಕಾರಣಕ್ಕೆ ಮನಸ್ಸು ಅತ್ತ ಎಳೆಯುತ್ತಿದೆ.

ಕತ್ತಲೆಕೋಣೆ

ಎಳೆಯಲು ಬಿಡಬೇಡಿ. 124ಜಿ ಮೀಟರ್ ಪಿಎಕ್ಸ್625 ಅನ್ನುವ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದು. ಅದು ಈಗ ಇಲ್ಲ. ಅದೇ ಅಳತೆಯ ಆಲ್ಕಲೈನ್ 1.5 ವೋಲ್ಟ್, ಮೀಟರ್ ತಪ್ಪು ತೋರಿಸುತ್ತದೆ, ಬ್ಯಾಟರಿ ಇಳಿದಂತೆ ತಪ್ಪೂ ಬದಲಾಗುತ್ತದೆ. ಈಗಾಗಲೇ 124ಜಿ ಇದ್ದವರು ಕಿವಿಯ ಮಷಿನ್ ಮಾರುವ ಅಂಗಡಿಯಲ್ಲಿ 675 ನಂಬರಿನ ಝಿಂಕ್ ಏರ್ ಬ್ಯಾಟರಿ ಕೇಳಿ. 1.4 ವೋಲ್ಟ್, ಹತ್ತಿರ ಹತ್ತಿರ ಸರಿ. ಅಗಲ ಕಡಿಮೆ ಇರುವುದರಿಂದ ಸುತ್ತ ಒಂದು ರಬ್ಬರ್ ಉಂಗುರ ಬೇಕು. ಮೇಲಿನ ನೋಡುವ ಮುಚ್ಚಳ ತೆರೆದರೆ ಮೀಟರ್ ಆನ್ ಆಗುತ್ತದೆ, ಸುಮ್ಮನೆ ತೆರೆದಿಡಬೇಡಿ.

ನಿಮಗೆ ಮೊಬೈಲಿನಲ್ಲಿ ಮೀಟರ್ ಆಪ್ ಸಾಕು. ಅದೂ ಬೇಡ ಅಂದರೆ ಬಿಸಿಲಿನ ಲೆಕ್ಕ. 400ರ ವೇಗದ ಫಿಲಂ, ಒಳ್ಳೆ ಬಿಸಿಲು, ಎಫ್ 16, 1/500. ಹಳೇ ಶಟರಿನ 1/500 ನಂಬುವ ಹಾಗಿಲ್ಲ, ಅದರ ಬದಲು ಎಫ್ 22, 1/250 ಇಡಿ, ಒಂದೇ ಬೆಳಕು. ಮೋಡ ಕವಿದರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ತೆರೆಯಿರಿ, ಬಯಲಿನ ನೆರಳಿಗೆ ನಾಲ್ಕು. ಕಪ್ಪು ಬಿಳುಪು ಫಿಲಂ ಬೆಳಕು ಜಾಸ್ತಿಯಾದರೆ ಸಹಿಸಿಕೊಳ್ಳುತ್ತದೆ, ಕಡಿಮೆಯಾದರೆ ಕ್ಷಮಿಸುವುದಿಲ್ಲ.

ಟೆಸಾರ್_ಭಕ್ತ

ಕ್ರ್ಯಾಂಕ್ ವಿಷಯದಲ್ಲಿ ಮಾತ್ರ ನಾನು ಬಗ್ಗುವುದಿಲ್ಲ. ಮ್ಯಾಟ್‌ನಲ್ಲಿ ಒಂದು ಸುತ್ತು ತಿರುಗಿಸಿದರೆ ಫಿಲಂ ಮುಂದೆ ಹೋಗುತ್ತದೆ, ಶಟರ್ ಕಾಕ್ ಆಗುತ್ತದೆ. ಡಿ ಯಲ್ಲಿ ಗುಂಡಿ ಬೇರೆ, ಕಾಕ್ ಮಾಡುವ ಲಿವರ್ ಬೇರೆ, ಒತ್ತುವ ಬಟನ್ ಬೇರೆ. ಫಿಲಂ ಮುಂದೆ ಹೋಗದಿದ್ದರೂ ಕಾಕ್ ಮಾಡಿ ಒತ್ತಬಹುದು. ಅಜ್ಜಿಯ ಮುಖದ ಮೇಲೆ ಮನೆಯ ಹೆಂಚು!

ಸ್ಟುಡಿಯೋ_ಮಗ

ಅದಕ್ಕೇ ಫೋಟೋ ತೆಗೆದ ಕೂಡಲೇ ಮುಂದೆ ತಿರುಗಿಸುವ ರೂಢಿ ಬೇಕು. ಬೇಕು ಅಂತಲೇ ಡಬಲ್ ಎಕ್ಸ್‌ಪೋಷರ್ ಮಾಡುವವರಿಗೆ ಅದೇ ವರ. ಕ್ರ್ಯಾಂಕಿನ ಗೇರು ಸವೆದ ಮ್ಯಾಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಫ್ರೇಮ್ ಮೇಲೆ ಫ್ರೇಮ್ ಏರುತ್ತದೆ. ಡಿ ಯ ಒಳಗೆ ಕೆಡುವಂಥದ್ದು ಅಷ್ಟು ಇಲ್ಲ.

ಕತ್ತಲೆಕೋಣೆ

ಕೂಡಲೇ ತಿರುಗಿಸಬೇಡಿ, ತೆಗೆಯುವ ಮೊದಲು ತಿರುಗಿಸಿ ಅನ್ನುವವರೂ ಇದ್ದಾರೆ ಅಣ್ಣಾ. ಫಿಲಂ ಕೆಳಗಿನ ರೋಲರ್ ಸುತ್ತಿ ಮೇಲೆ ಬರುತ್ತದೆ, ದಿನಗಟ್ಟಲೆ ಹಾಗೇ ಬಿಟ್ಟರೆ ಫಿಲಂ ಬಾಗಿ ಸಮತಟ್ಟಾಗಿ ಕೂರುವುದಿಲ್ಲ.

ಸ್ಟುಡಿಯೋ_ಮಗ

ದಿನಗಟ್ಟಲೆ ಯಾಕೆ ಬಿಡಬೇಕು? 12 ಫೋಟೋ, ಒಂದು ಸಂಜೆಗೆ ಮುಗಿಸಿ.

ಚೌಕದ_ಹುಚ್ಚು

ಹೋಗಿ ನೋಡಿ ಬಂದೆ. ಲೆನ್ಸ್ ಯಾಶಿಕೋರ್. ಟಾರ್ಚ್ ಬಿಟ್ಟು ನೋಡಿದೆ, ಧೂಳು ಬಿಟ್ಟರೆ ಫಂಗಸ್ ಇಲ್ಲ, ಅವರು ಅಕ್ಕಿ ಡಬ್ಬಿಯ ಪಕ್ಕದ ಒಣ ಕಪಾಟಿನಲ್ಲಿ ಇಟ್ಟಿದ್ದರಂತೆ. ಸೆಲ್ಲೋಟೇಪ್ ಪರೀಕ್ಷೆ ಪಾಸ್, ಎದುರಿನ ಟವರ್ ಎರಡರಲ್ಲೂ ಚೂಪು. ಫಲಕ ನೆಟ್ಟಗಿದೆ. ಆದರೆ 1 ಸೆಕೆಂಡ್, 1/2 ಎರಡೂ ಎಡವುತ್ತವೆ. 1 ಸೆಕೆಂಡಿಗೆ ಅರ್ಧದಲ್ಲಿ ನಿಂತು, ಲಿವರ್ ಸ್ವಲ್ಪ ತಟ್ಟಿದರೆ ಮತ್ತೆ ಓಡಿ ಮುಚ್ಚುತ್ತದೆ. 1/30ರಿಂದ ಮೇಲೆ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಬಿಡಲಾ, ಹಿಡಿಯಲಾ?

ಸ್ಟುಡಿಯೋ_ಮಗ

ಹಿಡಿಯಿರಿ. ನಿಧಾನದ ಸ್ಪೀಡುಗಳಿಗೆ ಬೇರೆ ಗೇರು ಸಾಲು ಇದೆ, ಅದರಲ್ಲಿ ಎಣ್ಣೆ ಅಂಟಾಗಿದೆ ಅಷ್ಟೇ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಆ ಸ್ಪೀಡು ಬೇಕಾಗುವುದೇ ಅಪರೂಪ. ಒಂದೇ ಒಂದು ಕೆಲಸ ಮಾಡಬೇಡಿ, ಹೊಲಿಗೆ ಮಷಿನ್ ಎಣ್ಣೆ ಬಿಡಬೇಡಿ. ಅದು ಹರಿದು ಶಟರಿನ ಎಲೆಗಳಿಗೆ ಹೋದರೆ ಈಗ ಸರಿ ಇರುವ ಸ್ಪೀಡೂ ಕೆಡುತ್ತದೆ. ಗೊತ್ತಿದ್ದ ಮೆಕ್ಯಾನಿಕ್ ಮುಂದಿನ ಗಾಜು ಬಿಚ್ಚಿ ತೊಳೆದು ಕೊಟ್ಟರೆ ಮುಗಿಯಿತು. ಬೆಲೆಯಲ್ಲಿ ಆ ಖರ್ಚು ಮುರಿದು ಕೇಳಿ.

ಚೌಕದ_ಹುಚ್ಚು

ಮುರಿದೇ ಕೊಟ್ಟರು, ಜೊತೆಗೆ ಒಂದು ಖಾಲಿ ಸ್ಪೂಲ್ ಕೂಡ. ಎಚ್‌ಪಿ5 ಕಪ್ಪು ಬಿಳುಪು ಫಿಲಂ ಒಂದು ರೋಲ್ ತರಿಸಿದ್ದೇನೆ. ಹಾಕುವುದು ಹೇಗೆ, ಮನೆಯಲ್ಲೇ ತೊಳೆಯಬಹುದಾ?

ಕತ್ತಲೆಕೋಣೆ

ಆ ಖಾಲಿ ಸ್ಪೂಲ್ ಬಿಸಾಡಬೇಡಿ, ಅದು ಮೇಲಿನ ಗೂಡಿಗೆ. ಹೊಸ ರೋಲ್ ಕೆಳಗೆ. ಫಿಲಂ ಹಿಂದಿನ ಕಾಗದದ ತುದಿ ಮೇಲಿನ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ನೇರವಾಗಿ ಸುತ್ತಿ, ಕಾಗದದ ಮೇಲಿನ ಬಾಣದ ಗುರುತು ಪಕ್ಕದ ಚುಕ್ಕಿಗಳಿಗೆ ಸರಿಯಾಗಿ ಬಂದಾಗ ಬಾಗಿಲು ಮುಚ್ಚಿ. ಆಮೇಲೆ 1 ಬಂದು ನಿಲ್ಲುವವರೆಗೆ ತಿರುಗಿಸಿ. ಪ್ರತಿ ಫ್ರೇಮಿಗೂ ಗುಂಡಿಯ ನಡುವಿನ ಬಟನ್ ಒತ್ತಿ ಬಿಟ್ಟು ತಿರುಗಿಸಬೇಕು. 12 ಆದಮೇಲೆ ಪೂರ್ತಿ ಸುತ್ತಿ, ನೆರಳಿನಲ್ಲಿ ತೆಗೆದು, ಅಂಟು ಕಾಗದ ಬಿಗಿಯಾಗಿ ಹಚ್ಚಿ. ಸಡಿಲ ಬಿಟ್ಟರೆ ಅಂಚಿನಿಂದ ಬೆಳಕು ನುಗ್ಗುತ್ತದೆ.

ತೊಳೆಯುವುದಕ್ಕೆ ಐಡಿ-11 ಡೆವಲಪರ್‌ಗೆ ಸಮಸಮ ನೀರು ಬೆರೆಸಿ, 20 ಡಿಗ್ರಿಯಲ್ಲಿ 13 ನಿಮಿಷ. ನಿಮ್ಮ ನಲ್ಲಿ ನೀರು ಬೇಸಿಗೆಯಲ್ಲಿ 20 ಇರುವುದಿಲ್ಲ, ಬಕೆಟಿನಲ್ಲಿ ಐಸ್ ಹಾಕಿ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡಿ ಶುರು ಮಾಡಿ. 120 ಫಿಲಂ ಅಗಲ, ರೀಲಿಗೆ ಹಾಕುವಾಗ ಮಡಚಿಕೊಳ್ಳುತ್ತದೆ, ಮಡಚಿದ ಕಡೆ ಅರ್ಧಚಂದ್ರದ ಗುರುತು ಬೀಳುತ್ತದೆ. ಹಾಳಾದ ಒಂದು ರೋಲ್ ಇಟ್ಟುಕೊಂಡು ಹಗಲಲ್ಲೇ ಕಣ್ಣು ಮುಚ್ಚಿ ಅಭ್ಯಾಸ ಮಾಡಿ.

ಹೊಸಬಿ

ಚೌಕದವರೇ, ಆ ದೆಹಲಿಯ 124ಜಿ ಇನ್ನೂ ಇದೆಯಾ?

ಟೆಸಾರ್_ಭಕ್ತ

ತಂಗಿ, ಇಷ್ಟು ಓದಿದ ಮೇಲೂ! ಕೇಳುವುದಾದರೆ 1 ಸೆಕೆಂಡಿನಲ್ಲಿ ಶಟರ್ ಓಡುವ ವಿಡಿಯೋ, ಬಿ ನಲ್ಲಿ ತೆರೆದು ಟಾರ್ಚ್ ಬಿಟ್ಟ ಫೋಟೋ, ಎರಡೂ ಕೇಳಿ. ಒಳಗಿನ ಒತ್ತು ಪ್ಲೇಟು 12ಕ್ಕೆ ಇದೆಯಾ 24ಕ್ಕೆ ಇದೆಯಾ ಅಂತಲೂ ನೋಡಿ, 24 ಅಂದರೆ 220 ಫಿಲಂಗೆ, ಅದು ಈಗ ಸಿಗುವುದೇ ಕಷ್ಟ. ವಿಡಿಯೋ ಕಳಿಸಲು ಕುಂಟು ನೆಪ ಹೇಳಿದರೆ ಬಿಟ್ಟುಬಿಡಿ.

ಚೌಕದ_ಹುಚ್ಚು

ಇದೆ ಮೇಡಂ, ಬೆಲೆ ಇನ್ನೂ ಏರಿಸಿದ್ದಾರೆ. ನನಗೆ ಈಗ ಲೆನ್ಸ್ ಹುಡ್ ಬೇಕು, ಡಿ ಗೆ ಯಾವ ಅಳತೆ?

ಬ್ರೌನ್‌ಶ್ವೈಗ್_ಕನ್ನಡಿಗ

ಬೇ 1, ಅಂದರೆ ಹುಡ್, ಫಿಲ್ಟರ್ ಸಿಕ್ಕಿಸುವ ಉಂಗುರದ ಒಂದು ಅಳತೆ. ರೋಲಿಕಾರ್ಡಿನದೇ ಅಳತೆ, ಹಾಗಾಗಿ ರೋಲಿಯ ಹಳೇ ಹುಡ್ ಕೂಡ ಕೂರುತ್ತದೆ. ಹಳದಿ ಫಿಲ್ಟರ್ ಜೊತೆಗೆ ಸಿಕ್ಕರೆ ಅದನ್ನೂ ತಗೊಳ್ಳಿ, ಎಚ್‌ಪಿ5ರಲ್ಲಿ ಮೋಡ ಎದ್ದು ಕಾಣುತ್ತದೆ. ಕೆಳಗಿನ ಲೆನ್ಸಿಗೇ ಹಾಕಿ, ಮೇಲಿನದಕ್ಕೆ ಹಾಕಿದರೆ ನಿಮ್ಮ ಕಣ್ಣಿಗೆ ಮಾತ್ರ ಹಳದಿ.